ಹತ್ತು ಲಕ್ಷದಲ್ಲಿ ಮಿಕ್ಕ ಒಂದು

ತೊಚಿಹಾರಾ
ಶೋವಾ ೫೩, ಏಪ್ರಿಲ್ ೨೫

ಕಿನು,

ಕಾಗದ ಬರೆಯುವಾಗ ಮೊದಲು ಹಿಮ ಕರಗಿತು, ಹೂವರಳಿತು ಎಂದು ಎರಡು ಸಾಲು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಇಲ್ಲಿ ಹಿಮ ಇನ್ನೂ ಸೌದೆಮನೆಯ ಹಿಂದೆ ಬಿದ್ದುಕೊಂಡಿದೆ. ಹೂವು ನೋಡುವ ಪುರುಸೊತ್ತು ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಕಳೆದ ಶುಕ್ರವಾರ ನಿನ್ನ ಗಂಡನ ನಲವತ್ತೊಂಬತ್ತನೆಯ ದಿನ. ಗುರುಗಳು ಮಂತ್ರ ಮುಗಿಸಿ ಚಹಾದ ಬಟ್ಟಲಿಗೆ ಕೈಹಾಕಿದ್ದರಷ್ಟೆ. ನೀನು ಎದ್ದೆ, ಒಳಗೆ ಹೋದೆ, ಲೆಕ್ಕ ಹಾಕುವ ಮಣಿಚೌಕಟ್ಟು ತಂದು ನನ್ನ ಮಡಿಲಿಗೆ ಹಾಕಿದೆ.

"ಅತ್ತಿಗೆ, ಒಂಬತ್ತು ಜನಕ್ಕೆ ತಲೆಗೆಷ್ಟು ನಾಮ ಹಂಚಿದ್ರಿ? ಒಂಬತ್ತರಿಂದ ಗುಣಿಸಿ ನೋಡಿ. ಎಲ್ಲರ ಮುಂದೇನೇ ನೋಡಿ."

ನಾನು ಮಣಿ ತಳ್ಳಿದೆ. ೯,೯೯,೯೯೯ ಬಂತು.

"ಹತ್ತು ಲಕ್ಷ ನಾಮ ಅಂತ ಹರಕೆ ಹೊತ್ತು, ಒಂದು ಕಡಿಮೆ ಹೇಳಿಸಿದ್ರಲ್ಲ! ಆ ಒಂದಕ್ಕೇ ಹೋದ್ರು ನನ್ನ ಗಂಡ."

ಅಷ್ಟು ಹೇಳಿ, ಗಂಟು ಕಟ್ಟಿಕೊಂಡು, ಸಂಜೆಯ ಬಸ್ಸಿಗೆ ಮಗಳ ಊರಿಗೆ ಹೊರಟೇಬಿಟ್ಟೆ. ಗುರುಗಳ ಬಟ್ಟಲು ತುಟಿಯ ಹತ್ತಿರವೇ ನಿಂತಿತ್ತು. ತೊಂಬತ್ತು ದಾಟಿದ ತೊರಾ ಅಜ್ಜಿಗೆ ಕಿವಿ ಕೇಳಿಸದು. "ಏನಂತೆ? ಯಾರು ಹೋದ್ರಂತೆ?" ಎಂದು ನನ್ನ ಪಕ್ಕೆ ತಿವಿಯುತ್ತಲೇ ಇದ್ದಳು. ಸತ್ತವನ ನಲವತ್ತೊಂಬತ್ತನೆಯ ದಿನ ಕೂತುಕೊಂಡು ಯಾರು ಹೋದರು ಎಂದರೆ ನಾನು ಏನು ಹೇಳಲಿ?

ನೀನು ನನ್ನ ಗಂಡನ ತಂಗಿ. ಈ ಮನೆಗೆ ನಾನು ಸೊಸೆಯಾಗಿ ಬಂದಾಗ ನಿನ್ನ ಜಡೆ ಹೆಣೆದವಳು ನಾನೇ. ಆ ಸಲಿಗೆಯಿಂದ ಕೇಳುತ್ತೇನೆ. ಲೆಕ್ಕ ತಪ್ಪಿತು, ಒಪ್ಪಿದೆ. ಆದರೆ ಒಂದೇ ಒಂದು ನಾಮಕ್ಕೆ ಯಾರಾದರೂ ಸಾಯುತ್ತಾರೆಯೇ? ಮೂವತ್ತು ವರ್ಷ ಸುರಂಗ ಕೊರೆದು ಕಲ್ಲಿನ ಹುಡಿ ನುಂಗಿದ ಶ್ವಾಸಕೋಶ ಜಿನ್‌ಪಾಚಿಯದು. ಡಾಕ್ಟರು ಅಕ್ಟೋಬರದಲ್ಲೇ ಕೈಚೆಲ್ಲಿದ್ದರು. ಮಾರ್ಚಿನವರೆಗೆ ಉಸಿರು ಹಿಡಿದುಕೊಂಡಿದ್ದೇ ಅಮಿದಾ ಬುದ್ಧನ ನಾಮ ಜಪಿಸುವ ನಮ್ಮ ಕೂಟದಿಂದ ಎಂದು ನಾನು ತಿಳಿದಿದ್ದೆ.

ಪದ್ಧತಿ ನೀನೇ ಮರೆತಹಾಗಿದೆ, ಕೇಳು. ಕಾಯಿಲೆಗೆಂದು ಕೂಟ ಕೂತಾಗ ಆ ಮನೆಯವಳು ಪಾಲು ತೆಗೆದುಕೊಳ್ಳಬಾರದು. ಇದು ನಿಮ್ಮಮ್ಮನ ಕಾಲದ ಕಟ್ಟು. ನಾವು ಹತ್ತು ಹೆಂಗಸರು. ಬೇರೆ ವರ್ಷವಾದರೆ ತಲೆಗೊಂದು ಲಕ್ಷ, ಹಸುಗೂಸಿಗೂ ತಿಳಿಯುವ ಲೆಕ್ಕ. ನಿನ್ನನ್ನು ಬಿಟ್ಟರೆ ಒಂಬತ್ತು. ಭಾಗಿಸಿದೆ. ೧,೧೧,೧೧೧ ಬಂತು. ಆರು ಒಂದುಗಳು, ಊರ ಬಾಯಲ್ಲಿ ಸಾಲಾಗಿ ನಿಂತ ಆರು ಕಲ್ಲಿನ ಜಿಝೋ ದೇವರ ಹಾಗೆ! ನನಗೆ ಮೈಯೆಲ್ಲ ಝುಂ ಎಂದಿತು. ದೇವರೇ ಬಂದು ಸಾಲುಗಟ್ಟಿ ನಿಂತ ಮೇಲೆ ಇನ್ನು ಮುಂದೆ ಭಾಗಿಸುವುದೇನು ಎಂದು ಕೈಮುಗಿದು ಚೌಕಟ್ಟು ಎತ್ತಿಟ್ಟೆ. ಡಿಸೆಂಬರದಿಂದ ಮಾರ್ಚಿನವರೆಗೆ ಒಂಬತ್ತು ಮನೆಗಳಲ್ಲಿ ನೂರೆಂಟು ಮಣಿಯ ಸರ ಸುತ್ತಿತು. ಸುತ್ತಿಗೊಂದು ಸೋಯಾ ಕಾಳು ಬಟ್ಟಲಿಂದ ಬಟ್ಟಲಿಗೆ ಹೋಯಿತು. ಒಬ್ಬಳೂ ಒಂದು ಕಾಳು ತಪ್ಪಿಸಲಿಲ್ಲ. ಅದರ ಮೇಲೆ ನೀನು ಬಂದು ಚೌಕಟ್ಟು ಎಸೆಯುತ್ತೀಯ.

ಸಾಕು ಮಾಡು, ಬಾ. ನಿನ್ನ ಮನೆಯ ಬೀಗದ ಕೈ ನನ್ನಲ್ಲಿದೆ.

ನಿನ್ನ ಅತ್ತಿಗೆ,
ಶಿಗೆನೊ

ಮೂಲಂಗಿ ಉಪ್ಪಿನಕಾಯಿ ಕಳಿಸಿದ್ದೇನೆ. ಸಿಟ್ಟಿಗೆ ಅದನ್ನು ಎಸೆಯಬೇಡ.


ನಾಗಾಓಕಾ
ಮೇ ೧೪

ಅತ್ತಿಗೆಯವರಿಗೆ,

ಉಪ್ಪಿನಕಾಯಿ ತಲುಪಿತು. ಮಗಳ ಮನೆಯವರು ತಿಂದರು.

ಲೆಕ್ಕ ತಪ್ಪಿತು ಎಂದು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಹಾಗೆ ದಾಟಲು ಬಿಡುವುದಿಲ್ಲ. ಮಣಿಚೌಕಟ್ಟು ಮುಂದಿಟ್ಟುಕೊಂಡು ಓದಿ. ಹತ್ತು ಎಂದರೆ ಒಂಬತ್ತು ಮತ್ತು ಒಂದು. ನೂರು ಎಂದರೆ ತೊಂಬತ್ತೊಂಬತ್ತು ಮತ್ತು ಒಂದು. ಸಾವಿರವೂ ಹಾಗೆಯೇ, ಲಕ್ಷವೂ ಹಾಗೆಯೇ. ಒಂದರ ಮುಂದೆ ಎಷ್ಟು ಸೊನ್ನೆ ಹಚ್ಚಿದರೂ ಒಂಬತ್ತರ ಕೈಗೆ ಸಿಗದ ಒಂದು ಕೊನೆಯಲ್ಲಿ ನಿಂತೇ ನಿಲ್ಲುತ್ತದೆ. ಸೊಸೈಟಿಯಲ್ಲಿ ಅಕ್ಕಿ ಮೂಟೆಯ ಲೆಕ್ಕ ನೋಡುತ್ತಿದ್ದಾಗ ಇದು ನನಗೆ ದಿನಾ ಎದುರಾಗುತ್ತಿತ್ತು. ಹತ್ತು ಲಕ್ಷ ಒಂಬತ್ತು ಜನಕ್ಕೆ ಸರಿಹೋಗುವ ಸಂಖ್ಯೆಯೇ ಅಲ್ಲ. ನಿಮಗದು ಗೊತ್ತಿರಬೇಕಿತ್ತು. ಇಲ್ಲವಾದರೆ ನನ್ನನ್ನು ಕೇಳಬೇಕಿತ್ತು.

ನೀವು ಜಿಝೋ ದೇವರನ್ನು ಕಂಡಿರಿ. ನಾನು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು, ಊರಿನಲ್ಲಿ ಒಂಬತ್ತು ಜನ ಹೇಳುತ್ತಿದ್ದಾರೆ, ಪೂರ್ತಿಯಾಗುತ್ತದೆ, ಪೂರ್ತಿಯಾಗುತ್ತದೆ ಎಂದು ಕಾದಿದ್ದೆ.

ಬೀಗದ ಕೈ ನಿಮ್ಮಲ್ಲೇ ಇರಲಿ.

ಕಿನು


ತೊಚಿಹಾರಾ
ಜುಲೈ ೯

ಕಿನು,

ನಿನ್ನ ಕಾಗದ ಬಂದಾಗಿನಿಂದ ನನ್ನ ತಲೆ ಕೆಟ್ಟು ಮೊಸರಾಗಿದೆ. ನಾಟಿಯ ಗದ್ದೆಯಲ್ಲಿ ಬಗ್ಗಿದರೂ ಒಂಬತ್ತು, ಸೊಂಟ ನೇರ ಮಾಡಿದರೂ ಒಂಬತ್ತು. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲು ಚೌಕಟ್ಟು ಎಳೆದುಕೊಳ್ಳುತ್ತೇನೆ.

ಮೂವರಿಗೆ ಹಂಚಿ ನೋಡಿದೆ. ೩,೩೩,೩೩೩. ಒಂದು ಮಿಕ್ಕಿತು. ಹನ್ನೊಂದು ಜನಕ್ಕೆ ೯೦,೯೦೯. ಒಂದು ಮಿಕ್ಕಿತು. ಹದಿಮೂರು ಜನಕ್ಕೆ ೭೬,೯೨೩. ಹಾಳಾದ್ದು, ಮತ್ತೂ ಒಂದೇ! ಆರು ಜನರಾದರೆ ನಾಲ್ಕು ಮಿಗುತ್ತದೆ, ಹನ್ನೆರಡಾದರೂ ನಾಲ್ಕು. ಇಬ್ಬರು, ನಾಲ್ವರು, ಐವರು, ಎಂಟು, ಹತ್ತು. ಇವರು ಮಾತ್ರ ಮರ್ಯಾದೆಯಾಗಿ ಹಂಚಿಕೊಂಡು ಎದ್ದುಹೋಗುತ್ತಾರೆ. ಇಷ್ಟು ದೊಡ್ಡ ಸಂಖ್ಯೆ, ಉಂಡು ತೇಗಿದ ಸಾಹುಕಾರನ ಹಾಗೆ ಕೂತಿದೆ, ಮೂರು ಜನ ಬಡವರು ಬಂದರೆ ಸಮನಾಗಿ ಕೊಡಲು ಅದಕ್ಕೆ ಬರುವುದಿಲ್ಲ ನೋಡು.

ನಿನ್ನ ಅಣ್ಣನಿಗೆ ಹೇಳಿದೆ. ಟೀವಿಯಲ್ಲಿ ಸುಮೊ ನೋಡುತ್ತಿದ್ದ. "ಒಂದು ತಾನೆ? ತಗೋ, ನಾನೇ ಹೇಳ್ತೀನಿ, ನಮು ಅಮಿದಾ ಬುತ್ಸು. ಆಯ್ತಾ? ಈಗ ಪಕ್ಕಕ್ಕೆ ಸರಿ, ಕಾಣ್ತಿಲ್ಲ" ಎಂದ. ಇಂಥವನ ಜೊತೆ ನಾನು ಇಪ್ಪತ್ತೆಂಟು ವರ್ಷದಿಂದ ಬಾಳುತ್ತಿದ್ದೇನೆ.

ಗುರುಗಳ ಹತ್ತಿರ ಹೋದೆ. ಅವರು ನಕ್ಕರು. "ಶಿಗೆನೊ ಅವರೇ, ಮನಸಿಟ್ಟು ಹೇಳಿದ್ರೆ ಒಂದೇ ನಾಮ ಸಾಕು. ಹತ್ತು ಲಕ್ಷ ಅಮಿದಾ ಬುದ್ಧ ಕೇಳಿದ್ನಾ?"

"ಒಂದೇ ಸಾಕು ಅಂದ್ರೆ, ಒಂದು ತಪ್ಪಿದ್ರೂ ಸಾಕಲ್ಲ ಗುರುಗಳೇ, ಎಲ್ಲ ಕೆಡೋದಕ್ಕೆ?"

ಅವರು ನಾನು ಒಯ್ದ ಅಕ್ಕಿ ಉಂಡೆ ಎರಡು ತಿಂದು, ನಾಳೆ ಯಾರದೋ ತಿಥಿ ಇದೆ ಎಂದು ಎದ್ದರು. ದೇವರ ವಿಷಯ ಓದಿದವರೇ ಹೀಗೆ ಜಾರಿಕೊಂಡರೆ ನಾಲ್ಕಕ್ಷರ ಕಲಿತ ನಾನು ಎಲ್ಲಿಗೆ ಹೋಗಲಿ?

ನಾನು ದಿನಾ ಬೆಳಿಗ್ಗೆ ಜಿನ್‌ಪಾಚಿಯ ಹೆಸರು ಹಿಡಿದು ಒಂದು ನಾಮ ಹೆಚ್ಚಿಗೆ ಹೇಳುತ್ತಿದ್ದೇನೆ. ಮಿಕ್ಕ ಆ ಒಂದು ಇಷ್ಟು ಹೊತ್ತಿಗೆ ಅರವತ್ತು ಸಲ ತೀರಿರಬೇಕು. ಮುಂದಿನ ತಿಂಗಳು ಬೊನ್ ಹಬ್ಬ. ಅವನು ಸತ್ತ ಮೇಲೆ ಬರುವ ಮೊದಲ ಬೊನ್. ಮನೆಗೆ ಬರುವ ಆತ್ಮಕ್ಕೆ ಹೆಂಡತಿ ಬಾಗಿಲಲ್ಲಿ ಬೆಂಕಿ ಹಚ್ಚಬೇಕು. ಬರುತ್ತೀಯಷ್ಟೆ?

ಶಿಗೆನೊ


ನಾಗಾಓಕಾ
ಆಗಸ್ಟ್ ೬

ಅತ್ತಿಗೆಯವರಿಗೆ,

ಊಟ ಮುಗಿಸಿ ಎದ್ದವನ ಎಲೆಗೆ ಉಪ್ಪು ಬಡಿಸಬೇಡಿ. ಈಗ ಹೇಳುವ ನಾಮ ಬೇಡ.

ಬೊನ್ ಹಬ್ಬಕ್ಕೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ಅವರ ಮುಖ ನೋಡುವ ಶಕ್ತಿ ನನಗಿಲ್ಲ. ಯಾಕೆ ಎಂದು ಕೇಳಬೇಡಿ.

ಕಿನು


ತೊಚಿಹಾರಾ
ಆಗಸ್ಟ್ ೧೮

ಕಿನು,

ಕೇಳಬೇಡಿ ಎಂದರೆ ಕೇಳದೆ ಇರುವವಳು ನಾನಲ್ಲ ಎಂದು ನಿನಗೆ ಗೊತ್ತು. ಆದರೂ ಈ ಸಲ ಕೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಹದಿಮೂರರ ಸಂಜೆ ನಿನ್ನ ಮನೆಯ ಮುಂದೆ ನಾನೇ ಸೆಣಬಿನ ಕಡ್ಡಿ ಉರಿಸಿದೆ. ಬೀಗ ತೆಗೆದು ಹಾಸು ಗುಡಿಸಿ, ಸೌತೆಕಾಯಿಗೆ ಕಾಲು ಚುಚ್ಚಿ ಅವನು ಏರಿ ಬರಲು ಕುದುರೆ ಮಾಡಿ ಇಟ್ಟೆ. ಹಿಂದಿರುಗಲು ಬದನೆಕಾಯಿಯ ಎತ್ತೂ ಆಯಿತು. ಅಕ್ಕಿಯ ಮದ್ಯ ಸಾಕೆ ಒಂದು ಬಟ್ಟಲು, ಅವನಿಗೆ ಇಷ್ಟ ಎಂದು ಸುಟ್ಟ ಮೀನು ಬೇರೆ. ಹಬ್ಬದಲ್ಲಿ ಮೀನು ಇಡಬಾರದು, ಇಟ್ಟೆ. ಗುರುಗಳಿಗೆ ಹೇಳಬೇಡ.

ಹೋಗುವ ಬರುವ ಹೆಂಗಸರೆಲ್ಲ "ಕಿನು ಎಲ್ಲಿ? ಮೊದಲ ಬೊನ್‌ಗೂ ಬರಲಿಲ್ವಾ?" ಎಂದರು. "ಹುಷಾರಿಲ್ಲ" ಎಂದೆ. ದೇವರ ಬೆಂಕಿಯ ಮುಂದೆ ನಿಂತು ಸುಳ್ಳು ಹೇಳಿಸಿದೆ ನೀನು. ಜಿನ್‌ಪಾಚಿ ಬಂದಿದ್ದರೆ ತನ್ನ ಬಾಗಿಲಲ್ಲಿ ನನ್ನ ಮುಖ ಕಂಡು "ಅಯ್ಯೋ, ಇವಳಾ!" ಎಂದು ಬಂದ ದಾರಿ ಹಿಡಿದಿರುತ್ತಾನೆ. ಬದುಕಿದ್ದಾಗಲೂ ಅವನು ನನ್ನ ಜಪದ ಸರ ಕಂಡರೆ ಹಿತ್ತಿಲ ಬಾಗಿಲಿಂದ ಜಾರುತ್ತಿದ್ದವನು.

ಮಾರ್ಚ್ ನಾಲ್ಕಕ್ಕೆ ಅವನ ವರ್ಷದ ತಿಥಿ. ಅದಕ್ಕೂ ನಾನೇ ನಿಲ್ಲಬೇಕೋ?

ಶಿಗೆನೊ


ತೊಚಿಹಾರಾ
ನವೆಂಬರ್ ೨೪

ಕಿನು,

ಮೂರು ತಿಂಗಳು ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಟದಲ್ಲಿ ನಾನೇನು ಕಡಿಮೆಯವಳೇ? ಈಗ ಬರೆಯುತ್ತಿರುವುದು ನಿನಗಾಗಿ ಅಲ್ಲ, ಲೆಕ್ಕಕ್ಕಾಗಿ.

ಸುದ್ದಿ ಕೇಳು. ಕೂಟದ ಹಬೆಮನೆಯ ಅಕ್ಕ ಅಕ್ಟೋಬರದಲ್ಲಿ ತೀರಿಕೊಂಡಳು. ಸೇತುವೆಮನೆಯವಳನ್ನು ಮಗ ಕರೆದುಕೊಂಡು ಹೋದ. ಒಂಬತ್ತಿದ್ದವರು ಏಳಾದೆವು. ಒಂದನೇ ತಾರೀಖಿಗೆ ನಾಮ ಶುರು. ಈ ವರ್ಷದ ಹತ್ತು ಲಕ್ಷ ಜಿನ್‌ಪಾಚಿಯ ವರ್ಷದ ಹೆಸರಿನಲ್ಲಿ ಎಂದು ಕೂಟದಲ್ಲಿ ನಿಶ್ಚಯವಾಗಿದೆ. ನನ್ನನ್ನು ಕೇಳಿ ಮಾಡಿದ್ದಲ್ಲ, ಎಲ್ಲರೂ ಸೇರಿ ಮಾಡಿದ್ದು.

ಏಳು ಜನಕ್ಕೆ ಹಂಚಿದೆ. ೧,೪೨,೮೫೭. ಎಂಥ ಅಂದಗೇಡಿ ಸಂಖ್ಯೆ! ಒಂದು ಅಂಕಿಯ ಹಾಗೆ ಇನ್ನೊಂದಿಲ್ಲ, ಸಂತೆಗೆ ಹೊರಟ ಮುದುಕಿಯರ ಹಾಗೆ ಒಬ್ಬಳು ಕುಳ್ಳಿ, ಒಬ್ಬಳು ಉದ್ದ. ಹಾಳಾಗಲಿ, ಈ ಸಲ ಜಿಝೋ ದೇವರಿಲ್ಲ, ಕೊನೆಯವರೆಗೆ ಗುಣಿಸಿಯೇ ಬಿಡೋಣ ಎಂದು ಏಳರಿಂದ ಗುಣಿಸಿದೆ.

೯,೯೯,೯೯೯.

ಚೌಕಟ್ಟನ್ನು ಒಲೆಗೆ ಹಾಕೋಣ ಎನ್ನಿಸಿತು. ಬೆನ್ನು ಹತ್ತಿದ ನಾಯಿಯ ಹಾಗೆ ಆ ಒಂದು ನನ್ನನ್ನು ಬಿಡುತ್ತಿಲ್ಲ. ನೀನು ಲೆಕ್ಕದವಳಲ್ಲವೇ, ಏನು ಮಾಡಬೇಕು ಹೇಳು. ಹೇಳದಿದ್ದರೆ ಬೇಡ.

ಶಿಗೆನೊ


ನಾಗಾಓಕಾ
ಡಿಸೆಂಬರ್ ೧೦

ಅತ್ತಿಗೆ,

ನಿಮಗೆ ಭಾಗಾಕಾರ ಬರುವುದಿಲ್ಲ ಎಂದು ತೋರಿಸಲು ಚೌಕಟ್ಟು ತೆಗೆದೆ. ನೀವು ಮಾಡಿದ್ದು ಸರಿ ಇದೆ. ಏಳು ಜನರಾದರೂ ಒಂದು ಮಿಗುತ್ತದೆ.

ಆದರೆ ಆ ಸಂಖ್ಯೆಯನ್ನು ಅಂದಗೇಡಿ ಎನ್ನಬೇಡಿ. ಒಬ್ಬಳ ಪಾಲು ೧,೪೨,೮೫೭. ಇಬ್ಬರದು ಸೇರಿಸಿ: ೨,೮೫,೭೧೪. ಮೂವರದು: ೪,೨೮,೫೭೧. ನಾಲ್ವರದು: ೫,೭೧,೪೨೮. ಐವರದು: ೭,೧೪,೨೮೫. ಆರು ಜನರದು: ೮,೫೭,೧೪೨.

ಕಂಡಿತೇ? ಅವೇ ಆರು ಅಂಕಿ. ಹೊರಗಿನದೊಂದು ಒಳಗೆ ಬರಲಿಲ್ಲ, ಒಳಗಿನದೊಂದು ಎದ್ದುಹೋಗಲಿಲ್ಲ. ಹಿಂದೆ ಮುಂದೆಯೂ ಆಗಲಿಲ್ಲ. ಒಂದರ ಪಕ್ಕ ನಾಲ್ಕು, ನಾಲ್ಕರ ಪಕ್ಕ ಎರಡು, ಅದೇ ಸಾಲು. ಎಲ್ಲಿಂದ ಶುರು ಎಂಬುದು ಮಾತ್ರ ಬೇರೆ. ಮುಕ್ತಾಯದ ದಿನ ನಾವು ದುಂಡಗೆ ಕೂತು ದೊಡ್ಡ ಸರವನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ, ದೊಡ್ಡ ಮಣಿ ಒಮ್ಮೆ ಅವಳ ಮುಂದೆ, ಒಮ್ಮೆ ಇವಳ ಮುಂದೆ? ಹಾಗೆಯೇ.

ಮಗಳು ಬಂದು "ಏನಮ್ಮ, ಒಬ್ಬಳೇ ನಗ್ತಿದೀಯ?" ಎಂದಳು. ನಗುತ್ತಿದ್ದೆನಂತೆ. ನನಗೆ ತಿಳಿಯಲಿಲ್ಲ.

ಏಳನೆಯವಳು ಬಂದು ಕೂತಳೋ, ಆಟ ಮುಗಿಯಿತು. ಎಲ್ಲ ಒಂಬತ್ತು. ಬಾಗಿಲ ಹೊರಗೆ ಒಂದು ನಿಂತಿರುತ್ತದೆ. ಅದನ್ನು ಏನು ಮಾಡಬೇಕೆಂದು ನನಗೂ ತಿಳಿಯದು ಅತ್ತಿಗೆ. ತಿಳಿದಿದ್ದರೆ ಇಲ್ಲಿ ಬಂದು ಕೂರುತ್ತಿರಲಿಲ್ಲ.

ಅಲ್ಲಿ ಹಿಮ ಬಿದ್ದಿರಬೇಕು. ಮಾಡಿನ ಹಿಮ ಕೆರೆಯಲು ಅಣ್ಣನನ್ನು ಒಬ್ಬನೇ ಹತ್ತಿಸಬೇಡಿ.

ಕಿನು


ತೊಚಿಹಾರಾ
ಶೋವಾ ೫೪, ಜನವರಿ ೧೬

ಕಿನು,

ಹೊಸ ವರ್ಷದ ಶುಭಾಶಯ ಸತ್ತ ಮನೆಗೆ ಹೇಳಬಾರದು, ಹೇಳುವುದಿಲ್ಲ.

ನಿನ್ನ ಅಂಕಿಗಳ ಆಟವನ್ನು ಕೂಟದ ಹೆಂಗಸರಿಗೆ ತೋರಿಸಿದೆ. ಬೇರೆಯವರೆಲ್ಲ "ಹೌದಾ" ಎಂದು ಚಹಾ ಕುಡಿದರು. ತೊರಾ ಅಜ್ಜಿ ಮಾತ್ರ ಚೌಕಟ್ಟಿನ ಮೇಲೆ ಮೂಗು ಇಟ್ಟು ನೋಡಿದಳು. ಆಮೇಲೆ, "ಒಂದು ಮಿಕ್ತಲ್ಲ, ಅದು ಯಾರಿಗೆ ಹೋಯ್ತು ಹೋದ್ವರ್ಷ?" ಎಂದಳು.

"ಯಾರಿಗೂ ಹೋಗಿಲ್ಲ ಅಜ್ಜಿ, ಅದೇ ಗಲಾಟೆ ಆಗಿದ್ದು" ಎಂದು ಕಿವಿಯಲ್ಲಿ ಕೂಗಿದೆ.

"ಕಾಯಿಲೆಯವನಿಗೆ ಕಣೇ ಅದು! ಒಂಬತ್ತು ಜನ ಕೂರೋದೇ ಅದಕ್ಕೆ. ಒಂದು ಅವನೇ ಹೇಳ್ಬೇಕು. ಮುಕ್ತಾಯಕ್ಕೆ ಮುಂಚೆ ಅವನ ಬಾಯಿಂದ ಒಂದು ಇಸ್ಕೊಂಡು ಬರ್ತಿದ್ಳು ನಿಮ್ಮತ್ತೆ. ನಿಂಗೆ ಹೇಳಿಲ್ವಾ?"

ಕಿನು, ನಿಮ್ಮಮ್ಮ ನನಗೆ ಮೂಲಂಗಿಗೆ ಉಪ್ಪು ಎಷ್ಟು ಹಾಕಬೇಕೆಂದು ಸಾಯುವ ದಿನದವರೆಗೆ ಹೇಳಿದಳು. ಚಪ್ಪಲಿ ಯಾವ ಕಡೆ ತಿರುಗಿಸಿ ಇಡಬೇಕೆಂದು ಹೇಳಿದಳು. ಇದನ್ನು ಮಾತ್ರ ಹೇಳಲಿಲ್ಲ. ಈ ಮುದುಕಿಯೋ, ನಲವತ್ತೊಂಬತ್ತನೆಯ ದಿನ ನನ್ನ ಪಕ್ಕೆ ತಿವಿಯುತ್ತ ಕೂತವಳು, ಆವತ್ತೇ ಕಿವಿ ಕೇಳಿಸಿದ್ದರೆ ಎಲ್ಲರ ಒಂಬತ್ತು ತಿಂಗಳು ಉಳಿಯುತ್ತಿತ್ತು. ಯಾರ ತಲೆಗೆ ನನ್ನ ತಲೆ ಬಡಿಯಲಿ?

ನಾನು ಕೂಟದವಳು, ನಾನು ಆಸ್ಪತ್ರೆಗೆ ಬಂದು ಅವನ ಬಾಯಿಂದ ಒಂದು ಹೇಳಿಸಬೇಕಿತ್ತು. ಅಲ್ಲಿಗೆ ನೀನು ಗೆದ್ದೆ. ಆದರೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನೀನು ರಾತ್ರಿ ಹಗಲು ಅವನ ಮಗ್ಗುಲಲ್ಲಿದ್ದೆ. ಆ ಹಾಸಿಗೆಯ ಮೇಲೆ ಅವನು ಒಂದು ಸಲವಾದರೂ, ಕನಸಿನಲ್ಲಾದರೂ, ಅಮಿದಾನ ಹೆಸರು ಎತ್ತಲಿಲ್ಲವೇ? ಹಿತ್ತಿಲ ಬಾಗಿಲಿಂದ ಜಾರುವವನು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಈ ಸಲದ ಹಂಚಿಕೆ ಹೇಗೋ ನಡೆದಿದೆ. ಅದು ನನ್ನ ತಲೆನೋವು.

ಶಿಗೆನೊ


ನಾಗಾಓಕಾ
ಫೆಬ್ರವರಿ ೪

ಅತ್ತಿಗೆ,

ಎತ್ತಿದ್ದರು.

ಮುಕ್ತಾಯದ ದಿನ, ಮಾರ್ಚ್ ಮೂರರ ಬೆಳಿಗ್ಗೆ. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಒಂದು ಚಮಚ ಗಂಜಿ ಕುಡಿದು, ಮೂಗಿನ ಕೊಳವೆ ಸರಿಸಿಕೊಂಡು, "ನಿಮ್ಮ ಒಂಬತ್ತು ಹೆಂಗಸರದ್ದು ಎಲ್ಲಿಗೆ ಬಂತೇ?" ಎಂದರು.

"ಇವತ್ತು ಮುಗಿಯುತ್ತೆ. ಹತ್ತು ಲಕ್ಷ."

"ಹತ್ತು ಲಕ್ಷ! ಸುರಂಗದಲ್ಲಿ ಅಷ್ಟು ಏಟು ಹಾಕಿದ್ರೆ ಆ ಕಡೆ ಸಮುದ್ರ ಕಾಣ್ತಿತ್ತು. ಪಾಪ, ಎಲ್ರಿಗೂ ಗಂಟಲು ನೋವು. ತಗೋ, ನಂದೂ ಒಂದಿರ್ಲಿ." ಎಂದು, ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುತ್ತಾನಲ್ಲ, ಅದೇ ರಾಗದಲ್ಲಿ, ಮೂಗಿನಲ್ಲಿ, "ನಮೂ ಅಮಿದಾ ಬೂತ್ಸೂ, ಇಳಿಯೋರು ಇಳೀರಿ" ಎಂದು ಕೂಗಿದರು. ಪಕ್ಕದ ಮಂಚದವನು ನಕ್ಕ.

ನನಗೆ ಮೈಯುರಿದುಹೋಯಿತು. ಒಂಬತ್ತು ಮನೆಯವರು ಇವರಿಗಾಗಿ ಚಳಿಗಾಲ ಪೂರ್ತಿ ಕೂತಿದ್ದಾರೆ, ಇವರು ಹಾಸ್ಯ ಮಾಡುತ್ತಿದ್ದಾರೆ ಎಂದು. "ನಗೆಯಾಟ ಮಾಡ್ಬೇಡಿ. ಅದು ಲೆಕ್ಕಕ್ಕಿಲ್ಲ" ಎಂದೆ.

"ಲೆಕ್ಕಕ್ಕಿಲ್ವಾ? ಸರಿ ಬಿಡು" ಎಂದು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನದಿಂದ ಮಾತು ನಿಂತಿತು. ಮರುದಿನ ಬೆಳಗಾಗುವಾಗ ಹೋದರು.

ನಾನು ಅವರಿಗೆ ಆಡಿದ ಕೊನೆಯ ಮಾತು ಅದು. ಅದು ಲೆಕ್ಕಕ್ಕಿಲ್ಲ.

ನಲವತ್ತೊಂಬತ್ತನೆಯ ದಿನದ ಹಿಂದಿನ ಸಂಜೆ ಸುಮ್ಮನೆ ಕೂತವಳು ಒಂಬತ್ತು ಪಾಲನ್ನು ಗುಣಿಸಿ ನೋಡಿದೆ. ಒಂದು ಕಡಿಮೆ ಬಂತು. ಮತ್ತೆ ಗುಣಿಸಿದೆ, ಅದೇ ಬಂತು ಅತ್ತಿಗೆ. ಅವರು ಕೊಟ್ಟ ಒಂದನ್ನು ನಾನು ಬೇಡ ಎಂದಿದ್ದೆ, ಲೆಕ್ಕದಲ್ಲಿ ಸರಿಯಾಗಿ ಅದೊಂದೇ ಇರಲಿಲ್ಲ. ನನ್ನನ್ನು ನಾನು ಬೈದುಕೊಳ್ಳಲಾರದೆ ನಿಮ್ಮ ಮಡಿಲಿಗೆ ಚೌಕಟ್ಟು ಎಸೆದೆ. ಈಗ ಅದು ಅವರ ಪಾಲೇ ಆಗಿತ್ತು ಎನ್ನುತ್ತೀರಿ. ಇನ್ನು ಯಾವ ಮುಖ ಹೊತ್ತು ವರ್ಷಕ್ಕೆ ಬರಲಿ?

ಕಿನು


ತೊಚಿಹಾರಾ
ಫೆಬ್ರವರಿ ೯

ಕಿನು,

ನಿನ್ನ ಕಾಗದ ಓದಿ ಎರಡು ದಿನ ಚೌಕಟ್ಟು ಮುಟ್ಟಲಿಲ್ಲ. ನಿನ್ನ ಅಣ್ಣ ನನಗೆ ಜ್ವರ ಬಂತೆಂದು ಹಣೆ ಮುಟ್ಟಿ ನೋಡಿದ. ಈಗ ಸುಮ್ಮನಿರಲಾರೆ, ಕೇಳು.

ಕಾಯಿಲೆಯ ಮನೆಯವಳಿಗೆ ಕೂಟದಲ್ಲಿ ಪಾಲಿಲ್ಲ. ಪಾಲಿಲ್ಲದವಳಿಗೆ ಲೆಕ್ಕದಲ್ಲಿ ಬಾಯಿ ಎಲ್ಲಿಯದು? ಲೆಕ್ಕಕ್ಕಿಲ್ಲ ಎನ್ನಲು ನೀನು ಯಾರು? ಕೂಟದ ಲೆಕ್ಕ ನೋಡುವವಳು ನಾನು. ಲೆಕ್ಕಕ್ಕಿದೆ, ಲೆಕ್ಕಕ್ಕಿಲ್ಲ ಎನ್ನಬೇಕಾದವಳು ನಾನು. ಒಂಬತ್ತು ಹೆಂಗಸರದು ೯,೯೯,೯೯೯. ಜಿನ್‌ಪಾಚಿಯದು ಒಂದು. ಮುಕ್ತಾಯಕ್ಕೆ ಮೊದಲೇ ಹೇಳಿದ್ದಾನೆ, ಪಕ್ಕದ ಮಂಚದವನು ಸಾಕ್ಷಿ ಇದ್ದಾನೆ. ಹತ್ತು ಲಕ್ಷ ತುಂಬಿತು. ತೊರಾ ಅಜ್ಜಿಗೂ ಕೂಗಿ ಹೇಳಿದ್ದೇನೆ. ಆ ಲೆಕ್ಕ ಮುಗಿಯಿತು.

ಹಾಸ್ಯಕ್ಕೆ ಹೇಳಿದ್ದು ಎನ್ನುತ್ತೀಯ. ನನ್ನ ೧,೧೧,೧೧೧ರಲ್ಲಿ ಒಣಮೀನು ಕದ್ದ ಬೆಕ್ಕನ್ನು ಅಟ್ಟುತ್ತ ಹೇಳಿದ್ದೆಷ್ಟು, ನಿನ್ನ ಅಣ್ಣನನ್ನು ಶಪಿಸುತ್ತ ಹೇಳಿದ್ದೆಷ್ಟು, ತೂಕಡಿಸಿ ಹೇಳಿದ್ದೆಷ್ಟು, ಅಮಿದಾನಿಗೇ ಗೊತ್ತು. ಅವನ ಒಂದನ್ನು ಹೊಡೆದುಹಾಕುವುದಾದರೆ ಮೊದಲು ನನ್ನವನ್ನು ಹೊಡೆದುಹಾಕು. ಎಷ್ಟು ಉಳಿಯುತ್ತದೋ ನೋಡೋಣ. ಅವನದಾದರೂ ನಮ್ಮ ಗಂಟಲು ನೋವಿಗೆ ಮರುಗಿ ಹೇಳಿದ್ದು.

ತುಂಬಿದ ಮೇಲೂ ಅವನು ಹೋದ. ಅಂದರೆ ಒಂದು ಕಡಿಮೆಯಾಗಿ ಹೋದದ್ದಲ್ಲ ಎಂದಾಯಿತಲ್ಲ? ಹತ್ತು ತಿಂಗಳು ನನ್ನ ತಲೆ ತಿಂದೆ. ಇಳಿಯುವ ಜಾಗ ಬಂತು, ಇಳಿದ. ತಾನೇ ಕೂಗಿ ಇಳಿದ.

ಈಗ ನನ್ನದೊಂದು ಹೇಳಬೇಕು. ವರ್ಷದ ದಿನದ ನಾಮಕ್ಕೆ ಮನೆಯವಳು ಪಾಲು ತೆಗೆದುಕೊಳ್ಳಲೇಬೇಕು. ಇದೂ ನಿಮ್ಮಮ್ಮನ ಕಟ್ಟು, ಇದನ್ನು ಮಾತ್ರ ನನಗೆ ಹೇಳಿದ್ದಳು. ಡಿಸೆಂಬರ್ ಒಂದರಂದು ನಾನು ಏಳು ಹೆಂಗಸರಿಗೆ ಏಳರ ಪಾಲು ಕೊಡಲಿಲ್ಲ. ಎಂಟರ ಪಾಲು ಕೊಟ್ಟೆ. ತಲೆಗೆ ೧,೨೫,೦೦೦. "ಎಂಟನೆಯವಳು ಯಾರು?" ಎಂದು ಕೇಳಿದರು. "ಬಾಯಿ ಮುಚ್ಚಿ ಎಣಿಸ್ರಿ" ಎಂದೆ. ಹಾಗಾಗಿ ಈ ಸಲ ಕಡಿಮೆ ಬಿದ್ದಿರುವುದು ಒಂದಲ್ಲ ಕಿನು, ಒಂದು ಲಕ್ಷದ ಇಪ್ಪತ್ತೈದು ಸಾವಿರ. ನೀನು ಬಂದೇ ಬರುತ್ತೀಯ ಎಂದು ಹುಚ್ಚಿಯ ಹಾಗೆ ನಂಬಿದೆ. ಮುಕ್ತಾಯಕ್ಕೆ ಇನ್ನು ಮೂರು ವಾರ. ಅಷ್ಟರಲ್ಲಿ ಅಷ್ಟನ್ನು ಯಾರ ನಾಲಿಗೆಯೂ ಹೇಳಲಾರದು. ಆದದ್ದಾಗಲಿ. ಎಷ್ಟಾದರೆ ಅಷ್ಟು ಹೇಳು. ಹೇಳದಿದ್ದರೂ ಬಾ. ನಿನ್ನ ಹಾಸು ತೊರಾ ಅಜ್ಜಿಯ ಪಕ್ಕದಲ್ಲಿ ಹಾಕಿದ್ದೇನೆ. ಅವಳು ತಿವಿಯುವುದನ್ನು ಈ ಸಲ ನೀನು ತಿಂದುಕೋ.

ನಿನ್ನ ಅತ್ತಿಗೆ,
ಶಿಗೆನೊ


ನಾಗಾಓಕಾ
ಫೆಬ್ರವರಿ ೨೭
(ಕಾರ್ಡು)

ಅತ್ತಿಗೆ,

ಮೂರರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮನೆಯ ಬೀಗ ತೆಗೆದಿಡಿ.

ನಿಮ್ಮ ನವೆಂಬರದ ಕಾಗದದಲ್ಲಿ ಏಳು ಎಂದು ಓದಿದ ದಿನವೇ ನನ್ನನ್ನು ಸೇರಿಸಿ ಎಂಟರಿಂದ ಭಾಗಿಸಿ ನೋಡಿದ್ದೆ. ಏನೂ ಮಿಗಲಿಲ್ಲ. ಬರುವ ಮನಸ್ಸಿರಲಿಲ್ಲ, ಆದರೂ ಡಿಸೆಂಬರ್ ಒಂದರಿಂದ ಸರ ಹಿಡಿದೆ. ಮಗಳ ಮನೆಯಲ್ಲಿ ಸೋಯಾ ಕಾಳು ಇರಲಿಲ್ಲ, ಅವಳ ಗುಂಡಿಯ ಡಬ್ಬಿ ತೆಗೆದುಕೊಂಡೆ. ಇನ್ನು ಎರಡು ಸಾವಿರದ ಚಿಲ್ಲರೆ ಉಳಿದಿದೆ. ಬಸ್ಸಿನಲ್ಲಿ ಕೊನೆಯದನ್ನು ಮುಗಿಸುತ್ತೇನೆ.

ಬಸ್ಸು ನಿಲ್ಲುವಲ್ಲಿಗೆ ಬರಬೇಡಿ. ಬಂದರೆ ದಾರಿಯುದ್ದಕ್ಕೂ ಮಾತಾಡುತ್ತೀರಿ, ನನ್ನ ಎಣಿಕೆ ತಪ್ಪುತ್ತದೆ.

ಕಿನು